ಅಂಬಿಗನನ್ನು ಕಂಡರೆ ತಿಳಿಸಿ

ವೇದಿಕೆಯ ಮೇಲೆ ಎರಡು ಮೀಟರ್ ಅಂತರ ಕಾಯ್ದುಕೊಂಡು ಕುಳಿತಿರುವ ಮಾನ್ಯ ಅಧ್ಯಕ್ಷರಾದ ಆಲ್ಫ್ರೆಡ್ ಅವರೇ, ನನ್ನನ್ನು ಬಿಡದೆ ಕರೆತಂದ ಕಾರ್ಯದರ್ಶಿ ಮಧುಶ್ರೀ ಅವರೇ, ಮಾಸ್ಕಿನ ಹಿಂದೆ ನಗುತ್ತಿರುವ ಅಥವಾ ಆಕಳಿಸುತ್ತಿರುವ ಸಭಿಕರೇ,

ಕಿಟಕಿಗಳನ್ನು ತೆರೆದೇ ಇಡಬೇಕೆಂದು ಹಾಲ್‌ನವರ ಕಟ್ಟಪ್ಪಣೆ. ಆದ್ದರಿಂದ ನನ್ನ ಮಾತಿಗೆ ಚಪ್ಪಾಳೆ ಬೀಳದಿದ್ದರೆ ನಿಮ್ಮ ಕೈಗಳು ಮರಗಟ್ಟಿವೆ ಎಂದುಕೊಂಡು ಸಮಾಧಾನಪಡುತ್ತೇನೆ.

ಈ ಲಿಮೆರಿಕ್ ಊರಿನ ನಮ್ಮ ಕನ್ನಡ ಓದುಗರ ಬಳಗ ಎರಡು ವರ್ಷಗಳ ಮೇಲೆ ಹೀಗೆ ಮುಖಾಮುಖಿ ಸೇರಿದೆ. ಮುಖಾಮುಖಿ ಎಂದರೆ ಕಣ್ಣುಗಳು ಮಾತ್ರ, ಅದೂ ಸಂತೋಷವೇ. ನನಗೆ ಕೊಟ್ಟಿರುವ ವಿಷಯ, ‘ಶರತ್ಕಾಲದ ಓದು: ರೂಢಿ ಮತ್ತು ಯೋಜನೆ’. ಪ್ರತಿವರ್ಷ ಈ ವಿಷಯದ ಮೇಲೆ ಮಾತಾಡುತ್ತಿದ್ದವಳು ನನ್ನ ಹೆಂಡತಿ ಕಾತ್ಯಾಯಿನಿ. ನನ್ನ, ಅಂದರೆ ಈ ಚಾಮರಾಜನ, ಕೆಲಸ ಕುರ್ಚಿ ಜೋಡಿಸುವುದು. ಈ ವರ್ಷದ ಜನವರಿಯಲ್ಲಿ ಅವಳು ಕೋವಿಡ್‌ನಿಂದ ತೀರಿಕೊಂಡಳು. ನಿಮ್ಮಲ್ಲಿ ಬಹಳ ಮಂದಿ ಅಂತ್ಯಕ್ರಿಯೆಯನ್ನು ಲ್ಯಾಪ್‌ಟಾಪಿನಲ್ಲಿ ನೋಡಿದಿರಿ. ಅದರ ಬಗ್ಗೆ ನಾನು ಇವತ್ತು ಮಾತಾಡುವುದಿಲ್ಲ. ವಿಷಯಕ್ಕೆ ಬರುತ್ತೇನೆ.

ಹೊಸದಾಗಿ ಸೇರಿದವರಿಗಾಗಿ ನಮ್ಮ ರೂಢಿಯನ್ನು ಹೇಳಬೇಕು. ಇವತ್ತು ರಾತ್ರಿ, ಚಳಿಗಾಲದ ಲೆಕ್ಕಕ್ಕೆಂದು, ಈ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ನಾಳೆಯಿಂದ ಸಂಜೆ ಐದಕ್ಕೆ ಕತ್ತಲು, ಡಿಸೆಂಬರಿನಲ್ಲಿ ನಾಲ್ಕೂವರೆಗೇ. ಹೀಗೆ ಬಿಟ್ಟಿ ಸಿಕ್ಕ ಗಂಟೆಯನ್ನು ನಿದ್ದೆಗೆ ಕೊಡಬಾರದು, ಆ ಹೊತ್ತಿನಲ್ಲಿ ಪ್ರತಿ ಮನೆಯಲ್ಲೂ ಒಂದು ಪುಸ್ತಕ ಶುರುವಾಗಬೇಕು ಎಂದು ಕಾತ್ಯಾಯಿನಿ ಮಾಡಿದ ನಿಯಮ. ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು. ಮಾರ್ಚ್ ಕೊನೆಗೆ ಗಡಿಯಾರ ಮುಂದೆ ಹೋಗುವಷ್ಟರಲ್ಲಿ ಪುಸ್ತಕ ಮುಗಿಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಒಬ್ಬರನ್ನು ಬಿಟ್ಟು ಇನ್ನೊಬ್ಬರು ಮುಂದೆ ಓದಬಾರದು. ಬಳಗದ ಮಕ್ಕಳಿಗೆ ಈ ನಿಯಮ ಬಹಳ ಇಷ್ಟ, ಯಾಕೆಂದರೆ ಅವರಿಗೆ ಕನ್ನಡ ಓದಲು ಬರುವುದಿಲ್ಲ. ಕತೆ ಅರ್ಥವಾಯಿತೇನೋ ಎಂದರೆ, “ಇಟ್ಸ್ ಗ್ರ್ಯಾಂಡ್, ಅಂಕಲ್” ಎನ್ನುತ್ತಾರೆ.

ಮಹನೀಯರೇ, ಮನುಷ್ಯ ಯಾಕೆ ಓದುತ್ತಾನೆ? ಜ್ಞಾನಕ್ಕೇ? ಹೊತ್ತು ಹೋಗಲಿಕ್ಕೇ? ನಾನು ಓದುವವನೇ ಅಲ್ಲ, ಕೇಳುವವನು. ನಮ್ಮ ಮನೆಯಲ್ಲಿ ಸೋಫಾದ ಮೇಲೆ ಒಂದು ಹಳದಿ ರಗ್ಗು. ಅದರ ಒಂದು ತುದಿಯಲ್ಲಿ ಅವಳ ಕಾಲು, ಇನ್ನೊಂದು ತುದಿಯಲ್ಲಿ ನನ್ನ ಕಾಲು. ಅವಳು ಓದುತ್ತಿದ್ದಳು, ನಾನು ಹುರಿಗಡಲೆ ತಿನ್ನುತ್ತಿದ್ದೆ. ಹೊರಗೆ ಮಳೆಯೋ ಕತ್ತಲೋ ಏನಿದ್ದರೂ ನನಗೆ ಲೆಕ್ಕಕ್ಕಿರಲಿಲ್ಲ.

ನನ್ನ ಮರೆವಿನ ಖ್ಯಾತಿ ನಿಮಗೆ ಗೊತ್ತೇ ಇದೆ. ಒಮ್ಮೆ ಫ್ರಾನ್ಸಿಗೆ ಹೋಗಲು ರಿಂಗಾಸ್ಕಿಡಿ ಬಂದರಿನವರೆಗೆ ಕಾರು ಓಡಿಸಿ, ಹಡಗಿನ ಮುಂದೆ ನಿಂತು ನೋಡುತ್ತೇನೆ, ಪಾಸ್‌ಪೋರ್ಟ್‌ಗಳು ಲಿಮೆರಿಕ್ಕಿನ ಫ್ರಿಜ್ಜಿನ ಮೇಲಿವೆ! ಬೇರೆ ಯಾವ ಹೆಂಡತಿಯಾದರೂ ನನ್ನನ್ನು ಸಮುದ್ರಕ್ಕೆ ನೂಕುತ್ತಿದ್ದಳು. ಇವಳು ಮನೆ ಮುಟ್ಟುವವರೆಗೂ ನಗುತ್ತಿದ್ದಳು. ಆಮೇಲಿಂದ ಎಲ್ಲಿಗೆ ಹೊರಟರೂ ಚೀಲ ತುಂಬುವುದು ಅವಳೇ. ಒಂದೇ ಒಂದು ಸಲ ನಾನು ತುಂಬಿದೆ.

ನೋಡಿ, ಮಾತು ಎಲ್ಲಿಗೋ ಹೋಯಿತು. ಓದಿನ ಯೋಜನೆಗೆ ಬರೋಣ.

ಕಳೆದ ವರ್ಷ ನಮ್ಮ ಮನೆಗೆ ಬಂದದ್ದು ಬಳಗದ ಒಂದು ಹಳೆಯ ಕಾದಂಬರಿ. ಕಳೆದುಹೋದ ಅಣ್ಣನನ್ನು ಹುಡುಕಿಕೊಂಡು ಊರು ಬಿಟ್ಟ ರಾಜಮ್ಮನೆಂಬ ಹೆಂಗಸಿನ ಕತೆ. ಇರುವುದು ಒಂದೇ ಪ್ರತಿ. ಹೊಸವರ್ಷದ ಹೊತ್ತಿಗೆ ನಾವು ಅರ್ಧ ಮುಗಿಸಿದ್ದೆವು. ರಾಜಮ್ಮ ಹೊಳೆಯ ದಡದಲ್ಲಿ ನಿಂತಿದ್ದಳು. ಆಗ ಕಾತ್ಯಾಯಿನಿಗೆ ಜ್ವರ ಬಂತು, ನನಗೂ ಬಂತು. ನನ್ನದು ಇಳಿಯಿತು, ಅವಳ ಉಸಿರು ಇಳಿಯಿತು. ಆಂಬ್ಯುಲೆನ್ಸಿನವರು ಬಾಗಿಲಲ್ಲಿ ನಿಂತು ಒಂದು ಸಣ್ಣ ಬ್ಯಾಗ್ ಕೊಡಿ ಎಂದರು. ಫೋನು, ಚಾರ್ಜರು, ಸ್ವೆಟರು, ಆ ಪುಸ್ತಕ ತುಂಬಿ ಕೊಟ್ಟೆ. ಪುಸ್ತಕ ನೆನಪಾಯಿತಲ್ಲ ಎಂದು ನನಗೆ ಹೆಮ್ಮೆ ಬೇರೆ!

ನಾನು ಐಸೊಲೇಷನ್‌ನಲ್ಲಿದ್ದೆ, ಮನೆ ಬಿಡುವಂತಿರಲಿಲ್ಲ. ದಿನಾ ಸಂಜೆ ನರ್ಸ್ ಒಬ್ಬರು ಅವಳ ಫೋನನ್ನು ದಿಂಬಿಗೆ ಒರಗಿಸಿ ಇಡುತ್ತಿದ್ದರು. ನಾನು ಹೇಳಿದೆ, “ನಿಯಮ ಗಿಯಮ ಬಿಡು, ನೀನು ಮುಂದೆ ಓದು. ಓದಿ ನಂಗೆ ಹೇಳು.” ಅವಳು, “ಹೂಂ ರೀ, ಓದ್ತಿದೀನಿ” ಎಂದಳು. ದಿನಾ ನಾಲ್ಕು ವಾಕ್ಯ ಕತೆ ಹೇಳುತ್ತಿದ್ದಳು, ನಡುವೆ ಉಸಿರು ತೆಗೆದುಕೊಂಡು. ಹೊಳೆಯ ಹತ್ತಿರ ರಾಜಮ್ಮನಿಗೆ ಒಬ್ಬ ಅಂಬಿಗ ಸಿಕ್ಕಿದನಂತೆ. ಮಹಾ ಮರೆಗುಳಿ. ಒಂದು ದಿನ ಹುಟ್ಟು ಮರೆತು ಬಂದನಂತೆ, ಇನ್ನೊಂದು ದಿನ ಹಗ್ಗ. ಒಮ್ಮೆ ರಾಜಮ್ಮನನ್ನು ದಡದಲ್ಲೇ ಬಿಟ್ಟು, ಖಾಲಿ ದೋಣಿಯನ್ನು ಆಚೆ ದಡಕ್ಕೆ ಮುಟ್ಟಿಸಿದನಂತೆ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. “ಎಂಥಾ ದಡ್ಡ ಮುಂಡೇದು!” ಎಂದೆ. “ಪಾಪ, ಅವನ್ನ ಬೈಬೇಡಿ. ಮರೆವು ಅಷ್ಟೇ. ರಾಜಮ್ಮಂಗೇನೂ ಬೇಜಾರಿಲ್ಲ” ಎಂದಳು.

ಒಂದು ಸಲ ಕೇಳಿದೆ, “ಕನ್ನಡಕ ಎಲ್ಲೇ? ಹಾಕ್ಕೊಂಡೇ ಇಲ್ಲ?” “ಮಾಸ್ಕ್ ಇದ್ದಾಗ ಮಂಜು ಕಟ್ಟತ್ತೆ ರೀ. ಓದೋವಾಗ ಹಾಕ್ಕೋತೀನಿ.”

ಸಭಿಕರೇ, ಆಸ್ಪತ್ರೆಯವರು ಅವಳ ಸಾಮಾನನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಕಳಿಸಿದರು. ಅದನ್ನು ತೆರೆಯಲು ನನಗೆ ಧೈರ್ಯ ಬರಲಿಲ್ಲ. ಮಧುಶ್ರೀ ಅವರು ಪುಸ್ತಕ ಬೇಕೆಂದು ಎಷ್ಟೋ ಸಲ ಕೇಳಿದರು, ಪಾಪ, ಮೆತ್ತಗೇ ಕೇಳಿದರು. ಹೋದ ವಾರ ಚಳಿ ಹೆಚ್ಚಾಯಿತೆಂದು, ಜನವರಿಯಲ್ಲಿ ಸುತ್ತಿ ಅಟ್ಟಕ್ಕೆ ಎಸೆದಿದ್ದ ಹಳದಿ ರಗ್ಗನ್ನು ಇಳಿಸಿ ಕೊಡವಿದೆ. ಅವಳ ಕನ್ನಡಕ ಕೆಳಗೆ ಬಿತ್ತು.

ಅದಿಲ್ಲದೆ ಅವಳಿಗೆ ಹಾಲಿನ ಪೊಟ್ಟಣದ ಮೇಲಿನ ತಾರೀಖೂ ಕಾಣುತ್ತಿರಲಿಲ್ಲ.

ಆಮೇಲೆ ಚೀಲ ತೆರೆದೆ. ಪುಸ್ತಕದಲ್ಲಿ ಅವಳು ಗುರುತಿಗೆ ಇಡುತ್ತಿದ್ದ ಕೆಂಪು ಉಲ್ಲನ್ ದಾರ ಸೋಫಾದ ಮೇಲೆ ನಾವು ನಿಲ್ಲಿಸಿದ ಪುಟದಲ್ಲೇ ಇತ್ತು. ನಾನು ಕತೆ ಓದಲಿಲ್ಲ, ಅಂಬಿಗನನ್ನು ಹುಡುಕಿದೆ. ಕೊನೆಯ ಪುಟದವರೆಗೆ ಬೆರಳಿಟ್ಟು ಹುಡುಕಿದೆ. ಪುಸ್ತಕದಲ್ಲಿ ಅಂಬಿಗನಿಲ್ಲ. ಪುಸ್ತಕದ ರಾಜಮ್ಮ ಹೊಳೆ ದಾಟುವುದೇ ಇಲ್ಲ, ದಡದಿಂದಲೇ ವಾಪಸ್ಸು ಹೋಗುತ್ತಾಳೆ.

ಕನ್ನಡಕ ಬಂದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಈ ಮನುಷ್ಯ ಜ್ವರದಲ್ಲೇ ಕಾರು ಹತ್ತಿ ಓಡಿಬರುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಹೇಳಲಿಲ್ಲ. ಅವಳು ಕ್ಷಮಿಸಿಬಿಟ್ಟಳಲ್ಲ ಎಂದು ಈಗ ನೀವು ನನ್ನ ಬೆನ್ನು ತಟ್ಟಲು ಬರುತ್ತೀರಿ. ದಯವಿಟ್ಟು ಬರಬೇಡಿ. ಓದದೆ ಒಂದು ಸಂಜೆ ಇರಲಾರದವಳು ಕೊನೆಯ ಸಂಜೆಗಳಲ್ಲಿ ಎದೆಯ ಮೇಲೆ ಪುಸ್ತಕವಿಟ್ಟುಕೊಂಡು ಚಾವಣಿ ನೋಡುತ್ತ ಮಲಗಿದ್ದಳು. ಇದ್ದ ಚೂರು ಉಸಿರನ್ನೂ ನನ್ನನ್ನು ನಗಿಸಲು ಖರ್ಚು ಮಾಡಿದಳು. ನಾನು ನಕ್ಕೆ. ಇದನ್ನು ಇಟ್ಟುಕೊಂಡು ನಾನೇನು ಮಾಡಲಿ, ಆಲ್ಫ್ರೆಡ್ ಅವರೇ?

ಕ್ಷಮಿಸಿ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ನ್ಯಾಯವೇ.

ನೀವು ಯೋಜನೆ ಕೇಳಿದಿರಿ. ನನ್ನ ಬಳಿ ಯೋಜನೆಯಿಲ್ಲ. ಕತ್ತಲು ಬೇಗ ಬರುತ್ತದೆ, ಬರಲಿ. ಇವತ್ತು ರಾತ್ರಿ ಸಿಗುವ ಆ ಒಂದು ಗಂಟೆ ನನಗೆ ಬೇಡ, ಬೇಕಾದವರು ತೆಗೆದುಕೊಳ್ಳಿ. ಬಳಗದ ಪುಸ್ತಕವನ್ನು ಮೇಜಿನ ಮೇಲೆ ಇಟ್ಟಿದ್ದೇನೆ. ದಾರವನ್ನು ಮಾತ್ರ ತೆಗೆದುಕೊಂಡಿದ್ದೇನೆ.

ಈ ಚಳಿಗಾಲ ಆ ಪುಸ್ತಕ ಯಾರ ಮನೆಗೆ ಹೋಗುತ್ತದೋ ಅವರಲ್ಲಿ ಒಂದೇ ಬಿನ್ನಹ. ನಾನು ಮೊದಲಿಂದಲೂ ಮರೆಗುಳಿ, ನನ್ನ ಕಣ್ಣನ್ನು ನಂಬುವಂತಿಲ್ಲ. ಯಾವುದಾದರೂ ಪುಟದಲ್ಲಿ, ಯಾವುದಾದರೂ ಸಾಲಿನಲ್ಲಿ, ಒಬ್ಬ ಅಂಬಿಗ ಕಂಡರೆ ನನಗೆ ಫೋನ್ ಮಾಡಿ. ಎಷ್ಟು ಹೊತ್ತಾದರೂ ಪರವಾಗಿಲ್ಲ, ನಾನು ಎದ್ದಿರುತ್ತೇನೆ.

ಈ ಚಳಿಯಲ್ಲಿ ಕೂತು ಕೇಳಿದ್ದಕ್ಕೆ ನಿಮಗೆಲ್ಲ ಧನ್ಯವಾದ. ಕುರ್ಚಿಗಳನ್ನು ಹಾಗೇ ಬಿಡಿ, ನಾನು ಜೋಡಿಸುತ್ತೇನೆ. ನಮಸ್ಕಾರ.