ಜಿಬೆಕ್ ಕಂಡದ್ದನ್ನು ಬರೆದಳು

ಕರಕೋಲ್ ಪಟ್ಟಣದಿಂದ ಹೊರಟ ಮಿನಿಬಸ್ಸಿನಲ್ಲಿ ನನ್ನ ಮುಂದಿನ ಸೀಟಿಗೆ ಉಲ್ಕಾನ್ ಅಜ್ಜಿಯೂ ಮೂರನೇ ಕ್ಲಾಸಿಗೆ ಇಂಗ್ಲಿಷ್ ಕಲಿಸುವ ನುರ್ಜಾತ್ ಟೀಚರೂ ಬಂದು ಕೂತರು.

"ಶಾಲೆ ನೋಡೋಕೆ ಬಂದ ಸಾಹೇಬ ನಮ್ಮ ಜಿಬೆಕಳನ್ನ ಕಳ್ಳಿ ಅಂದನಂತೆ?"

"ಕುದುರೆ ಹಾಲು ಕರೆಯೋದರ ಬಗ್ಗೆ ಇಂಗ್ಲಿಷಲ್ಲಿ ಬರೆದಿದ್ದಳಲ್ಲ ಅಜ್ಜಿ, ಇದನ್ನ ಮನೇಲಿ ದೊಡ್ಡೋರು ಬರ್ಕೊಟ್ಟಿದಾರೆ ಅಂದ್ರು."

"ನಮ್ಮನೇಲಿ ಇಂಗ್ಲಿಷು ಯಾರಿಗೆ ಬರುತ್ತೆ, ಕುದುರೆಗಾ?"

"ನಾನೂ ಹೇಳಿದೆ, ನಂಬಲಿಲ್ಲ. ‘ನನ್ನೆದುರೇ ಏನಾದ್ರೂ ಬರಿ’ ಅಂತ ಅವಳಿಗೆ ಅಂದ್ರು."

"ಮಗು ಅತ್ತುಬಿಡ್ತಾ?"

"ಅಳೋದೆಲ್ಲಿ! ಅವರನ್ನೇ ನೋಡ್ತಾ ಬರೆದಳು. ‘ಇವರ ಬೂಟು ಒದ್ದೆಯಾಗಿದೆ. ಇವರಿಗೆ ಯಾರೂ ಟೀ ಕೊಟ್ಟಿಲ್ಲ. ಅದಕ್ಕೇ ಸಿಟ್ಟು.’"

"ಅಯ್ಯೋ ಅಲ್ಲಾ! ಆಮೇಲೆ?"

"ಓದಿ ಜೋರಾಗಿ ನಕ್ಕುಬಿಟ್ರು. ‘ಎರಡು ಸ್ಪೆಲಿಂಗ್ ತಪ್ಪಿದೆ, ಆದ್ರೆ ಮಾತೆಲ್ಲ ಇವಳದೇ’ ಅಂತ ಕ್ಲಾಸಿನೆದುರೇ ಒಪ್ಕೊಂಡ್ರು. ಟೀನೂ ಕೇಳಿ ಕುಡಿದ್ರು."

"ನೀನೇ ಹೇಳ್ಕೊಟ್ಟಿದ್ದೇನಮ್ಮ?"

"ಬೋರ್ಡ್ ನೋಡಿ ಬರೆಯೋದನ್ನ ಬಿಡಿಸಿದೆ, ಅಷ್ಟೇ. ದಿನಾ ದಾರೀಲಿ ಕಂಡಿದ್ದನ್ನ ಮಕ್ಕಳು ತಾವೇ ಬರೀತಾರೆ."

ಅಜ್ಜಿ ಟೀಚರ ಕೆನ್ನೆ ಸವರಿದಳು. ಊರು ಬಂದದ್ದೇ ಎದ್ದು, ತಲೆವಸ್ತ್ರ ಸರಿಮಾಡಿಕೊಂಡು, ಬಸ್ಸಿಗೆಲ್ಲ ಕೇಳುವಂತೆ ಡ್ರೈವರನಿಗೆ ಕೂಗಿದಳು:

"ನಿಲ್ಸೋ ಮಗನೇ! ಇಂಗ್ಲಿಷ್ ಬರೆಯೋಳ ಅಜ್ಜಿ ಇಳೀಬೇಕು."