‘ಆದ್ರೆ’ ಮೇಡಂ ಮತ್ತು ಬೇಲಿಯಾಚೆ ಅರಳಿದ ಹೂಗಳು

ಮೇಡಂ ಅವರ ಶ್ರದ್ಧಾಂಜಲಿ ಸಭೆಗೆ ಬಂದ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿರುವ ಮೇಡಂ ಅವರ ಯಜಮಾನರಿಗೆ, ಅವರ ಮಗಳಿಗೆ, ನಮ್ಮ ನಿರ್ದೇಶಕರಿಗೆ, ಪ್ರಯೋಗದ ಹೊಲದ ಅಕ್ಕಪಕ್ಕದ ತೋಟಗಳಿಂದ ಕೆಲಸ ಬಿಟ್ಟು ಬಂದಿರುವ ನೆರೆಯವರಿಗೆ — ನಮಸ್ಕಾರ.

ಈಗಷ್ಟೇ ಮೈಕಿನಲ್ಲಿ ನನ್ನನ್ನು ಮೇಡಂ ಅವರ ‘ಸಹೋದ್ಯೋಗಿ’ ಎಂದು ಕರೆದರು. ನಾನು ಈ ತರಕಾರಿ ಸಂಶೋಧನಾ ಕೇಂದ್ರಕ್ಕೆ ಬಂದು ವರ್ಷ ತುಂಬಿಲ್ಲ. ಮೊದಲ ವರ್ಷದ ವಿದ್ಯಾರ್ಥಿನಿ. ಆ ಪದ ಮೇಡಂ ಕೊಟ್ಟದ್ದು. ಯಾರೇ ಬರಲಿ, "ಇವಳು ನನ್ನ ಸಹೋದ್ಯೋಗಿ" ಎನ್ನುತ್ತಿದ್ದರು. ಒಮ್ಮೆ ಮುಜುಗರ ತಡೆಯಲಾರದೆ, "ಮೇಡಂ, ನಾನು ಸ್ಟೂಡೆಂಟ್" ಅಂದೆ. "ಹೌದಾ? ಹಾಗಾದ್ರೆ ನಾಳೆಯಿಂದ ನನ್ನ ತಪ್ಪು ಹುಡುಕೋದು ಬಿಟ್ಟುಬಿಡ್ತೀಯಾ?" ಅಂದರು.

ವೇದಿಕೆ ಮೇಲೆ ಮಾತಾಡಿ ಅಭ್ಯಾಸವಿಲ್ಲ. ಅದಕ್ಕೇ ಬರೆದುಕೊಂಡು ಬಂದಿದ್ದೇನೆ. ಆದರೂ ಈ ಕಾಗದದಲ್ಲಿ ಇಲ್ಲದ ಒಂದು ಮಾತನ್ನು ಈಗ ಸೇರಿಸಬೇಕಾಗಿದೆ. ನನಗಿಂತ ಮುಂಚೆ ಮಾತಾಡಿದ ನಿರ್ದೇಶಕರು, ಸಭೆಯ ಕೊನೆಯಲ್ಲಿ ಎಲ್ಲರೂ ಕೈ ಎತ್ತಿ ಮೇಡಂ ಅವರ ಎರಡನೇ ಟ್ರಯಲ್‌ಗೆ ಒಪ್ಪಿಗೆ ಕೊಡೋಣ, ಅವರಿಗೆ ಅದಕ್ಕಿಂತ ದೊಡ್ಡ ಗೌರವವಿಲ್ಲ ಎಂದರು. ಅರ್ಧ ಸಭಾಂಗಣ ಕಣ್ಣೊರೆಸಿಕೊಂಡಿತು, ನಾನೂ. ಆದರೆ —

ನೋಡಿ, ಬಂದೇಬಿಟ್ಟಿತು. ಈ ‘ಆದರೆ’ ಅವರದೇ. ಬೆನ್ನ ಹಿಂದೆ ನಾವೆಲ್ಲ ಅವರನ್ನು ‘ಆದ್ರೆ ಮೇಡಂ’ ಎನ್ನುತ್ತಿದ್ದೆವು. ಅವರಿಗೂ ಗೊತ್ತಿತ್ತು. ಯಜಮಾನರು ಡ್ರೈವಿಂಗ್ ಸ್ಕೂಲ್ ನಡೆಸುತ್ತಾರೆ. ಮೊದಲ ಸಲ ಮನೆಗೆ ಹೋದಾಗ ನನಗೆ ಹೇಳಿದರು, "ನೋಡಮ್ಮ, ನಾನು ಊರಿಗೆಲ್ಲ ಬ್ರೇಕ್ ಹಾಕೋದು ಕಲಿಸ್ತೀನಿ. ನಮ್ಮನೇಲಿ ಮಾತ್ರ ನನಗೇ ಬ್ರೇಕ್ ಬೀಳುತ್ತೆ. ಸೋಫಾ ತಗೊಳ್ಳೋಣ್ವಾ ಅಂದ್ರೆ — ತಗೊಳ್ಳೋಣ, ಆದ್ರೆ... ಅಂತಾಳೆ. ಇನ್ನೂ ಬಂದಿಲ್ಲ ಸೋಫಾ." ಒಳಗಿನಿಂದ ಮೇಡಂ ದನಿ: "ಬಾಗಿಲು ಅಳತೆ ಮಾಡಿದ್ರಾ ರೀ?"

ಯಜಮಾನರು ನಗುತ್ತಿದ್ದಾರೆ. ನಗಲಿ.

ಟ್ರಯಲ್ ಎಂದರೇನು ಎಂದು ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಕುಂಬಳದ ಬಳ್ಳಿಗೆ ಒಂದು ವೈರಸ್ ರೋಗ ಬರುತ್ತದೆ. ಎಲೆ ಹಳದಿಯಾಗಿ ಮುದುಡುತ್ತದೆ, ಕಾಯಿಯ ಮೈಯೆಲ್ಲ ಗಂಟು ಗಂಟು. ರೋಗ ಹರಡುವ ಗಿಡಹೇನುಗಳನ್ನು ಕೊಲ್ಲಲು ಬೆಳೆಗಾರರು ಔಷಧ ಹೊಡೆಯುತ್ತಲೇ ಇರಬೇಕು. ಮೇಡಂ ಅವರ ತಂಡ ಆ ವೈರಸ್ಸಿನದೇ ಒಂದು ಚೂರು ಜೀನನ್ನು ಕುಂಬಳಕ್ಕೆ ಸೇರಿಸಿತು. ಬಳ್ಳಿ ರೋಗವನ್ನು ತಡೆಯಿತು — ಗಾಜಿನ ಮನೆಯೊಳಗೆ. ಬಯಲಿನಲ್ಲಿ ತಡೆಯುತ್ತದೆಯೇ? ತಡೆದರೆ ಸುತ್ತಲಿನ ಗಿಡಕ್ಕೆ, ಹುಳಕ್ಕೆ, ಜನಕ್ಕೆ ಏನಾಗುತ್ತದೆ? ಅದನ್ನು ನೋಡಲು ಬಯಲಿಗೇ ಇಳಿಯಬೇಕು, ಅದೇ ಟ್ರಯಲ್. ಇಳಿಯುವುದೇ ಅಪಾಯವಾದರೆ? ಈ ಇಕ್ಕಟ್ಟಿನಲ್ಲೇ ಅವರು ವರ್ಷಗಟ್ಟಲೆ ಕೆಲಸ ಮಾಡಿದ್ದು.

ಅದಕ್ಕೊಂದು ಪದ್ಧತಿ ಮಾಡಿದ್ದರು. ವಾರದ ಮೀಟಿಂಗಿನಲ್ಲಿ ಕಿಟಕಿ ಕಡೆಯ ಕುರ್ಚಿಗಳು ‘ಬೇಡ’ದ ಕುರ್ಚಿಗಳು, ಗೋಡೆ ಕಡೆಯವು ‘ಬೇಕು’. ಯಾರಿಗೆ ಟ್ರಯಲ್ ಬೇಕೋ ಅವರು ಕಿಟಕಿ ಕಡೆ ಕೂತು ಬೇಡ ಎಂದು ವಾದಿಸಬೇಕು. ಬೇಡದವರು ಗೋಡೆ ಕಡೆ. ನಾನು ಬಂದ ವಾರವೇ ಹುರುಪಿನಿಂದ ಗೋಡೆ ಕಡೆ ಕೂತೆ. ಮೇಡಂ ಕನ್ನಡಕದ ಮೇಲಿಂದ ನೋಡಿದರು.

"ನಿನಗೆ ಈ ಕುಂಬಳ ಇಷ್ಟಾನಾ?"

"ತುಂಬಾ ಮೇಡಂ! ಇದು ಗೇಮ್ ಚೇಂಜರ್!"

"ಹಾಗಾದ್ರೆ ಎದ್ದೇಳು. ಕಿಟಕಿ ಕಡೆ ಹೋಗು. ಇಷ್ಟ ಇರೋರಿಗೆ ಕಣ್ಣು ಕಾಣಲ್ಲ, ಸ್ವಲ್ಪ ಬೆಳಕು ಬೀಳಲಿ."

ಅವರು ಯಾವತ್ತೂ ಕಿಟಕಿ ಕಡೆಯೇ. ನಮ್ಮೆಲ್ಲರಿಗಿಂತ ಆ ಕುಂಬಳ ಅವರಿಗೇ ಹೆಚ್ಚು ಬೇಕಾಗಿತ್ತು.

ಮೊದಲ ಟ್ರಯಲ್ ಈ ವರ್ಷವೇ ನಡೆಯಿತು. ಹೊಲದ ಸುತ್ತ ಬೇಲಿ. ಕುಂಬಳದ ಹೂ ಬೆಳಗಿನ ಜಾವ ಅರಳಿ ಬಿಸಿಲೇರುವಷ್ಟರಲ್ಲಿ ಮುದುಡುತ್ತದೆ. ಜೇನುಹುಳ ಪರಾಗ ಹೊತ್ತು ಆಚೆ ಹೋಗದಂತೆ, ಮರುದಿನ ಅರಳುವ ಮೊಗ್ಗುಗಳನ್ನು ಸಂಜೆಯೇ ಹುಡುಕಬೇಕು. ತುದಿ ಹಳದಿ ತಿರುಗಿರುತ್ತದೆ. ಹೆಣ್ಣು ಮೊಗ್ಗಿನ ಬಾಯಿಗೆ ದಾರ ಕಟ್ಟಬೇಕು, ಬೇಡದ ಗಂಡು ಮೊಗ್ಗನ್ನು ಕಿತ್ತು ಬುಟ್ಟಿಗೆ ಹಾಕಬೇಕು. ಬೇಲಿಯಾಚೆ ಸಾದಾ ಕುಂಬಳದ ಕಾವಲು ಸಾಲು. ನಮ್ಮ ಪರಾಗ ತಪ್ಪಿಸಿಕೊಂಡರೆ ಆ ಸಾಲಿನ ಕಾಯಿಯ ಬೀಜದಲ್ಲಿ ಗೊತ್ತಾಗಬೇಕು ಎಂಬ ಲೆಕ್ಕ.

ಗೊತ್ತಾಯಿತು. ಕಾವಲು ಸಾಲಿನ ಮೊದಲ ಕಾಯಿಗಳ ಕೆಲವು ಬೀಜಗಳಲ್ಲಿ ನಮ್ಮ ಜೀನ್ ಇತ್ತು.

ಲ್ಯಾಬಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿದೆವು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ — ನಾವು ನಿಜಕ್ಕೂ ಹಾಗೇ ಆಗಿದ್ದೆವು. ಯಾರು ಮೊಗ್ಗು ಬಿಟ್ಟರು? ಯಾರ ದಾರ ಸಡಿಲವಾಗಿತ್ತು? ಮೇಡಂ ಯಾರನ್ನೂ ಕೇಳಲಿಲ್ಲ. ಮರುದಿನ ಬೆಳಕು ಹರಿಯುವಾಗ ಒಬ್ಬರೇ ಬೇಲಿಯ ಸುತ್ತ ನಡೆದರು. ಆಮೇಲೆ ಗೊಬ್ಬರದ ಗುಂಡಿಯ ಹತ್ತಿರ ನಿಂತು ಕೂಗಿದರು:

"ಬನ್ರೋ ಎಲ್ರೂ! ಕಳ್ಳ ಸಿಕ್ಕ!"

ಓಡಿದೆವು. ಗುಂಡಿ ತುಂಬ ಹಳದಿ. ಸಂಜೆ ನಾವು ಕಿತ್ತು ಸುರಿದಿದ್ದ ಗಂಡು ಮೊಗ್ಗುಗಳು ಗುಂಡಿಯ ತೇವಕ್ಕೆ ಬಾಡದೆ ಬೆಳಿಗ್ಗೆ ಠೀವಿಯಿಂದ ಅರಳಿಕೊಂಡಿದ್ದವು! ಒಂದೊಂದರಲ್ಲೂ ಜೇನುಹುಳ ಹೊರಳಾಡುತ್ತಿತ್ತು. ಗುಂಡಿ ಇದ್ದದ್ದು ಬೇಲಿಯ ಆಚೆ. ಒಳಗೆ ಅಷ್ಟು ಜತನದಿಂದ ದಾರ ಕಟ್ಟಿ, ಹೂಗಳನ್ನು ನಾವೇ ಬುಟ್ಟಿಯಲ್ಲಿ ಹೊತ್ತು ಆಚೆ ಸಾಗಿಸಿದ್ದೆವು.

"ಬೇಲಿಯೇ ಎದ್ದು ಹೊಲ ಮೇಯೋದು ಅಂದ್ರೆ ಇದೇ," ಅಂದರು ಮೇಡಂ. "ಗುಂಡಿ ಅಲ್ಲಿರಲಿ ಅಂದಿದ್ದು ನಾನು. ಕಳ್ಳ ನಾನೇ."

ನಮ್ಮ ಜೀನ್ ಸೇರಿದ್ದ ಬೀಜಗಳ ಪ್ರಮಾಣ ನಿಯಮದ ಮಿತಿಯೊಳಗೇ ಇತ್ತು. ವರದಿಯಲ್ಲಿ ಬರೆದರೆ ಸಾಕಾಗುತ್ತಿತ್ತು. ನಿರ್ದೇಶಕ ಸರ್, ನೀವೂ ಅದನ್ನೇ ಹೇಳಿದಿರಿ, ನಿಯಮದ ಪ್ರಕಾರ ಅದು ತಪ್ಪೂ ಅಲ್ಲ. ಮೇಡಂ ಅಂದರು, "ಬರೆಯೋಣ ಸಾರ್. ಆದ್ರೆ ಹುಳ ಹೋಗಿದ್ದು ಅವರ ಮನೆ ಬಾಗಿಲಿಗೆ. ಅವರಿಗೆ ಮೊದಲು ಗೊತ್ತಾಗ್ಬೇಕಲ್ವಾ?" ನೀವು ಬೇಡ ಅನ್ನಲಿಲ್ಲ. ಅದನ್ನೂ ಇಲ್ಲಿ ಹೇಳಬೇಕು.

ಶೆಡ್ಡಿನಲ್ಲಿ ನೆರೆಯವರ ಸಭೆ ಸೇರಿತು. ಮೇಡಂ ಮೊದಲ ವಾಕ್ಯದಲ್ಲೇ ಹೇಳಿಬಿಟ್ಟರು — ತಪ್ಪಾಗಿದೆ, ಪರಾಗ ಆಚೆ ಹೋಗಿದೆ. ಆಗ ಎದ್ದವರು ಪಕ್ಕದ ಜಮೀನಿನಲ್ಲಿ ಜೇನು ಸಾಕುವವರು, ನಾವೆಲ್ಲ ಜೇನಣ್ಣ ಎನ್ನುವವರು. ಅಗೋ, ಕೊನೆಯ ಸಾಲಿನಲ್ಲಿದ್ದಾರೆ.

"ಅಕ್ಕಾ, ಬೇಲಿಗೆ ‘ಪ್ರವೇಶವಿಲ್ಲ’ ಅಂತ ಬೋರ್ಡ್ ಹಾಕಿದ್ರಲ್ಲ, ನನ್ನ ಹುಳಗಳಿಗೆ ಓದು ಬರಲ್ಲ ಅಂತ ಅವತ್ತೇ ಹೇಳಿದ್ದೆ ತಾನೆ?"

"ಹೇಳಿದ್ದೆ ಕಣಪ್ಪ. ನಾನು ಓದಿದವಳು, ನನಗೇ ತಲೆಗೆ ಹೋಗಲಿಲ್ಲ."

"ನಗಬೇಡಿ! ಶುದ್ಧ ಜೇನು ಅಂತ ಮಾರೋನು ನಾನು. ಗಿರಾಕಿ ಕೇಳಿದ್ರೆ ಏನು ಹೇಳ್ಲಿ?"

ಮೇಡಂ ನಗಲಿಲ್ಲ. ಜೇನನ್ನು ಪರೀಕ್ಷಿಸಿದಾಗ ನಮ್ಮ ಪರಾಗ ಅದರಲ್ಲೂ ಸಿಕ್ಕಿತ್ತು, ಅದನ್ನೂ ಹೇಳಿದರು. ಆ ಸಲದ ಜೇನನ್ನು ಜೇನಣ್ಣ ಮಾರಲಿಲ್ಲ.

ಅಷ್ಟರಲ್ಲಿ ತರಕಾರಿ ತೋಟದ ಅಕ್ಕ ಎದ್ದರು. ಇಲ್ಲೇ ಇದ್ದಾರೆ ಅವರೂ. ಔಷಧ ಹೊಡೆದು ಹೊಡೆದು ಮೊಣಕೈವರೆಗೆ ಚರ್ಮ ಸುಲಿದಿತ್ತು. ಆ ಕೈಯನ್ನೇ ಮುಂದೆ ಚಾಚಿದರು. "ಅವರಿಗೆ ಜೇನು ಚಿಂತೆ, ಸರಿ. ನನಗೆ ಇದು. ನೀವು ಆದ್ರೆ ಆದ್ರೆ ಅಂತ ಕೂತ್ರೆ ನನ್ನ ಬಳ್ಳಿ ಕಾಯುತ್ತಾ ಮೇಡಂ?"

"ಕಾಯಲ್ಲಮ್ಮ," ಅಂದರು ಮೇಡಂ. "ನಿನಗೆ ತಡ ಆಗುತ್ತೆ, ಆ ನೋವೂ ನನ್ನ ಲೆಕ್ಕಕ್ಕೇ ಬರುತ್ತೆ. ಆದ್ರೆ ನಿನ್ನ ಕೈ ಉಳಿಸೋಕೆ ಇವನ ಬಾಯಿ ಮುಚ್ಚಿಸಲಾರೆ."

ಟ್ರಯಲ್ ಅಲ್ಲಿಗೇ ನಿಲ್ಲಿಸಿ, ಮರುದಿನ ಬಳ್ಳಿಗಳನ್ನು ಕಿತ್ತೆವು. ಮೊದಲ ಬಳ್ಳಿ ಅವರೇ ಕಿತ್ತರು. ಕಾಯಿ ಎಂಥದ್ದು ಅಂತೀರಿ — ಒಂದು ಗಂಟಿಲ್ಲ, ಒಂದು ಕಲೆಯಿಲ್ಲ, ಔಷಧದ ಒಂದು ಹನಿ ಸೋಕಿರಲಿಲ್ಲ. ಅಂಗೈಯಿಂದ ಸವರಿ, "ಎಷ್ಟು ಚೆನ್ನಾಗಿ ಬಂದಿದೆ ನೋಡೇ," ಅಂದರು. ಆಮೇಲೆ ಅದನ್ನೂ ಬೆಂಕಿಗೆ ಹಾಕಿದರು. ಹೊಗೆ ನನ್ನ ಕಣ್ಣಿಗೆ ಹೋಗಿತ್ತು, ಅವರ ಕಣ್ಣಿಗೂ ಹೋಗಿತ್ತು ಅಂದುಕೊಳ್ಳುತ್ತೇನೆ.

ಎರಡನೇ ಟ್ರಯಲ್‌ಗೆ ಅವರು ಹಾಕಿದ ಯೋಜನೆ ಗಟ್ಟಿಯಾಗಿದೆ. ಇಡೀ ಹೊಲಕ್ಕೆ ಬಲೆ, ಕಿತ್ತ ಮೊಗ್ಗನ್ನು ಬಲೆಯೊಳಗೇ ಕುದಿಯುವ ನೀರಿಗೆ ಹಾಕುವ ವ್ಯವಸ್ಥೆ. ಅದಕ್ಕೆ ನೆರೆಯವರ ಒಪ್ಪಿಗೆ ಕೇಳಲು ಮುಂದಿನ ವಾರ ಸಭೆ ಕರೆದಿದ್ದರು. ಕರೆದವರು ಲ್ಯಾಬಿನಿಂದ ಎಂದಿನಂತೆ ಮನೆಗೆ ಹೋದರು. ಆ ರಾತ್ರಿಯೇ ಹೃದಯ ನಿಂತಿತು.

ಈಗ ನಿರ್ದೇಶಕರ ಮಾತಿಗೆ ಬರುತ್ತೇನೆ. ನನಗೆ ಈ ಟ್ರಯಲ್ ಬೇಕು. ತುಂಬಾ ಬೇಕು. ಇದು ನಡೆಯದಿದ್ದರೆ ನನ್ನ ಸಂಶೋಧನೆ ಇಲ್ಲಿಗೇ ನಿಲ್ಲುತ್ತದೆ. ಬೇರೆ ವಿಷಯ, ಬೇರೆ ಗೈಡು, ಬಹುಶಃ ಬೇರೆ ಊರು. ಹಾಗಾಗಿ ಮೇಡಂ ಪದ್ಧತಿಯ ಪ್ರಕಾರ ನನ್ನ ಜಾಗ ಕಿಟಕಿ ಕಡೆ. ಅಲ್ಲಿಂದಲೇ ಮಾತಾಡುತ್ತೇನೆ, ಕೇಳಿ.

ಕಾಲುವೆ ಬದಿಯಲ್ಲಿ ಕುಂಬಳದ ಕಾಡು ತಳಿ ಇದೆ. ನಮ್ಮ ಜೀನ್ ಅದಕ್ಕೆ ಸೇರಿದರೆ ಅದೂ ರೋಗ ಗೆದ್ದು ಕಳೆಯಾಗಿ ಹಬ್ಬಬಹುದು — ಹಬ್ಬುತ್ತದೋ ಇಲ್ಲವೋ ನಮಗೆ ಗೊತ್ತಿಲ್ಲ. ತಿನ್ನುವವರ ಮೈಗೆ ಒಗ್ಗುತ್ತದೆಯೇ ಎಂಬ ಪರೀಕ್ಷೆ ಅರ್ಧದಲ್ಲಿದೆ. ಈವರೆಗೆ ಕೆಟ್ಟದ್ದೇನೂ ಕಂಡಿಲ್ಲ, ಆದರೆ ಅರ್ಧ ಎಂದರೆ ಅರ್ಧವೇ. ವೈರಸ್ ಕೂಡ ಸುಮ್ಮನೆ ಕೂರುವುದಿಲ್ಲ, ನಾಳೆ ರೂಪ ಬದಲಿಸಿದರೆ ಇಷ್ಟೆಲ್ಲ ಮಾಡಿದ್ದು ಕೆಲವೇ ಹಂಗಾಮಿಗೆ ಸೀಮಿತವಾಗಬಹುದು. ಬಿರುಗಾಳಿಗೆ ಬಲೆ ಹರಿದರೆ? ಹರಿದ ದಿನ ಜೇನಣ್ಣನಿಗೆ ಯಾರು ಹೋಗಿ ಹೇಳುತ್ತಾರೆ? ಯೋಜನೆಯಲ್ಲಿ ಅದು ಬರೆದಿಲ್ಲ. ಬರೆಯಬೇಕು.

ಇಷ್ಟನ್ನೂ ಕೇಳಿದ ಮೇಲೆ ನೀವು ಒಪ್ಪುತ್ತೀರಿ ಎಂದೇ ನನಗನ್ನಿಸುತ್ತದೆ. ಆ ಅಕ್ಕನ ಕೈ ನೋಡಿದವಳು ನಾನು, ಆ ಕಾಯಿ ನೋಡಿದವಳು. ನಮ್ಮ ಕುಂಬಳ ಪ್ರಶ್ನೆಗಳಿಗೆ ಹೆದರುವಂಥದ್ದಲ್ಲ. ಆದರೆ ಇವತ್ತು, ಅವರ ಫೋಟೋ ಮುಂದೆ, ಅವರ ಮಗಳು ಅಳುತ್ತಿರುವಾಗ, ಬೇಡ ಅನ್ನುವವರು ಕೈಯನ್ನು ಹೇಗೆ ಕೆಳಗಿಟ್ಟುಕೊಂಡಾರು? ಬೇಡ ಅನ್ನಲು ಜಾಗವೇ ಇಲ್ಲದ ಕಡೆ ಸಿಕ್ಕ ಒಪ್ಪಿಗೆಯನ್ನು ಮೇಡಂ ಒಪ್ಪಿಗೆ ಅನ್ನುತ್ತಿರಲಿಲ್ಲ.

ಸರ್, ದಯವಿಟ್ಟು — ಇವತ್ತು ಕೈ ಎತ್ತಿಸಬೇಡಿ.

...

ಸರ್ ‘ಆಗಲಿ’ ಎನ್ನುತ್ತಿದ್ದಾರೆ. ಥ್ಯಾಂಕ್ಯೂ ಸರ್.

ಮುಂದಿನ ವಾರದ ಸಭೆ ಮೇಡಂ ಕರೆದ ದಿನವೇ ನಡೆಯುತ್ತದೆ. ತೋಟದಕ್ಕಾ, ನೀವು ಬನ್ನಿ. ಜೇನಣ್ಣ, ನೀವಂತೂ ಬರಲೇಬೇಕು, ಜಗಳ ಆಡುವ ಮನಸ್ಸಿನಿಂದಲೇ ಬನ್ನಿ. ನಿಮ್ಮ ಒಂದೊಂದು ಪ್ರಶ್ನೆಗೂ ಉತ್ತರ ಹೇಳಲು ನಾವಿರುತ್ತೇವೆ. ಉತ್ತರ ಗೊತ್ತಿಲ್ಲದಿದ್ದರೆ, ಗೊತ್ತಿಲ್ಲ ಎಂದು ಹೇಳಲೂ ಇರುತ್ತೇವೆ.

ಈಗ ಎಲ್ಲರೂ ಎದ್ದು ನಿಲ್ಲೋಣ. ಯಾವುದಕ್ಕೂ ಹೂಂ ಅನ್ನದೆ, ಯಾವುದಕ್ಕೂ ಊಹೂಂ ಅನ್ನದೆ — ಅವರಿಗಾಗಿ ಮಾತ್ರ, ಸ್ವಲ್ಪ ಹೊತ್ತು ಸುಮ್ಮನಿರೋಣ.