ಬರುವ ಮೊದಲೇ ಬರೆದಿಟ್ಟ ಸಮಯ

ಸೇರಿರುವ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಅಕ್ಕನ ಯಜಮಾನರಿಗೆ, ಅವರ ಪಕ್ಕದಲ್ಲಿರುವ ಮಗಳಿಗೆ — ನೀವಿಬ್ಬರೂ ಬಂದಿದ್ದೀರಿ, ಅದೇ ದೊಡ್ಡದು. ಮ್ಯಾನೇಜರ್ ಸಾಹೇಬರೇ, ಡ್ರೈವರ್ ಕಂಡಕ್ಟರ್ ಬಂಧುಗಳೇ, ವರ್ಕ್‌ಶಾಪಿನವರೇ, ಹಿಂದೆ ಗೋಡೆಗೆ ಒರಗಿ ನಿಂತಿರುವ ನಮ್ಮ ಬೈಕ್ ತಂಡದ ಹೆಣ್ಣುಮಕ್ಕಳೇ — ಒಳಗೆ ಬನ್ನಿ, ಬೆಂಚು ಖಾಲಿ ಇದೆ.

ನಾನು ಈ ಡಿಪೋದ ಟೈಮ್ ಕೀಪರ್. ಹದಿನಾರು ವರ್ಷದಿಂದ ಗೇಟಿನ ಪಕ್ಕದ ಕಿಟಕಿಯಲ್ಲಿ ಕುಳಿತು ಯಾವ ಬಸ್ಸು ಎಷ್ಟು ಗಂಟೆಗೆ ಬಂತು, ಎಷ್ಟು ಗಂಟೆಗೆ ಹೋಯಿತು ಎಂದು ಬರೆಯುತ್ತಿದ್ದೇನೆ. ಭಾಷಣ ಗೊತ್ತಿಲ್ಲ. ಕಂಡದ್ದನ್ನು ಬರೆಯುವುದು ಗೊತ್ತಿತ್ತು. ಗೊತ್ತಿತ್ತು ಅಂದುಕೊಂಡಿದ್ದೆ.

ಅಕ್ಕ ನಮ್ಮ ಡಿಪೋದ ಮೊದಲ ಮಹಿಳಾ ಮೆಕ್ಯಾನಿಕ್. ಸ್ಪ್ಯಾನರಕ್ಕ ಎಂದರೆ ಸಾಕು, ಹೆಸರು ಯಾರಿಗೂ ಬೇಕಾಗಲಿಲ್ಲ. ಸೇರಿದ ಮೊದಲ ವಾರ ಒಬ್ಬ ಹಿರಿಯ ಡ್ರೈವರ್ ಅವಳನ್ನು ನೋಡಿ, "ಏನಮ್ಮಾ, ಈ ಬಸ್ಸು ನಿನ್ ಮಾತು ಕೇಳತ್ತಾ?" ಎಂದು ಕೇಳಿದ್ದರು. ಅಕ್ಕ ಬಸ್ಸಿನಡಿಯಿಂದ ತಲೆಯನ್ನೂ ಹೊರಗೆ ಹಾಕದೆ, "ನಿಮ್ ಮಾತು ಕೇಳ್ದೇ ಇದ್ದಿದ್ಕೆ ತಾನೇ ಅಣ್ಣಾ, ಇಲ್ಲಿಗೆ ಬಂದಿರೋದು?" ಎಂದಳು. ಅವರು ಇಲ್ಲೇ ಕುಳಿತಿದ್ದಾರೆ. ನಗಿ ಅಣ್ಣಾ, ನಗಬಹುದು. ಅಕ್ಕ ಸಪ್ಪೆ ಮುಖ ನೋಡಿದರೆ ಬೈಯುತ್ತಿದ್ದಳು.

ನನ್ನನ್ನು ಬೈಕಿಗೆ ಹತ್ತಿಸಿದವಳು ಅವಳೇ. ನಲವತ್ತೊಂದನೇ ವಯಸ್ಸಿನಲ್ಲಿ. "ಬೇರೆಯವ್ರು ಹೋಗಿ ಬರೋ ಟೈಮ್ ಬರ್ದು ಬರ್ದು ಸವೆದೋಗ್ತೀಯ, ನೀನೂ ಒಂದ್ಸಲ ಹೋಗಿ ಬಾರೇ ಗಡಿಯಾರ." ಗಡಿಯಾರ — ಅದು ಅವಳು ನನಗಿಟ್ಟ ಹೆಸರು.

ಹೆಂಗಸರ ಬೈಕ್ ರಿಲೇ ಎಂದರೇನು ಎಂದು ಇಲ್ಲಿ ಹಲವರಿಗೆ ಗೊತ್ತಿಲ್ಲ, ಹೇಳುತ್ತೇನೆ. ಮೂರು ತಂಡ. ಒಂದು ಕ್ಯಾನ್ವಾಸ್ ಚೀಲ. ದಾರಿಯಲ್ಲಿ ಸಿಗುವ ಹೆಂಗಸರು ಬರೆದುಕೊಟ್ಟ ಚೀಟಿಗಳು ಅದರಲ್ಲಿರುತ್ತವೆ. ಒಂದು ತಂಡ ಮುನ್ನೂರು ಕಿಲೋಮೀಟರ್ ಓಡಿಸಿ, ಚೀಲವನ್ನು ಮುಂದಿನ ತಂಡಕ್ಕೆ ಒಪ್ಪಿಸಬೇಕು. ನಮ್ಮ ತಂಡದಲ್ಲಿ ಒಂಬತ್ತು ಜನ. ಎಲ್ಲರಿಗಿಂತ ಮುಂದೆ ಟೀಚರ್ — ಶಾಲೆಯಲ್ಲಿ ಆಟ ಕಲಿಸುವವರು, ನಮ್ಮ ಮುಖ್ಯಸ್ಥೆ. ಎಂಟನೆಯವಳು ನಾನು. ಎಲ್ಲರಿಗಿಂತ ಹಿಂದೆ, ನಾಲ್ಕು ನಿಮಿಷದ ಅಂತರ ಬಿಟ್ಟು, ಸ್ಪ್ಯಾನರಕ್ಕ. ಯಾರ ಗಾಡಿ ಕೆಟ್ಟರೂ ಹಿಂದಿನಿಂದ ಬರುವ ಅಕ್ಕನ ಕೈಗೆ ಸಿಗಬೇಕು, ಅದಕ್ಕೆ ಆ ಅಂತರ.

ನಿಯಮ ಒಂದೇ. ಒಂಬತ್ತು ಜನರೂ ಬಂದು ಸೇರುವವರೆಗೆ ಚೀಲ ಕೈ ಬದಲಾಗಬಾರದು. ಮೊದಲ ವರ್ಷ ತಲೆ ಎಣಿಸುತ್ತಿದ್ದೆವು. ಎರಡು ಸಲ ತಪ್ಪಾಯಿತು. ಆಗ ಅಕ್ಕನೇ ಹೇಳಿದಳು: "ತಲೆಗಳು ಒಂದ್ಕಡೆ ನಿಲ್ಲಲ್ಲ ಟೀಚರ್. ಒಬ್ಳು ನೀರಿಗೆ ಹೋಗ್ತಾಳೆ, ಒಬ್ಳು ಫೋಟೋಗೆ ಹೋಗ್ತಾಳೆ. ಗಡಿಯಾರ ಪುಸ್ತಕ ಹಿಡ್ಕೊಳ್ಳಿ. ಬಂದೋರ ಟೈಮ್ ಬರೀಲಿ. ನೀವು ಪುಸ್ತಕ ನೋಡಿ, ಸಾಕು." ಅಂದಿನಿಂದ ಟೀಚರ್ ತಲೆ ಎಣಿಸುವುದನ್ನು ಬಿಟ್ಟರು. ನನಗಿಂತ ಮೊದಲು ತಲುಪಿದ ಏಳು ಜನ ತಮ್ಮ ಸಮಯ ಹೇಳುತ್ತಿದ್ದರು, ನಾನು ಬಂದು ಬರೆಯುತ್ತಿದ್ದೆ. ಒಂಬತ್ತು ಸಾಲು ತುಂಬಿದೆಯೇ ಎಂದು ನೋಡುತ್ತಿದ್ದರು. ನನ್ನ ಕೈಬರಹದ ಮೇಲೆ ಅಷ್ಟು ನಂಬಿಕೆ.

ಈಗ ನಾನು ಹೇಳಬೇಕಾದದ್ದು ಇದೆ.

ನಿನ್ನೆ ಸಂಜೆ ಅಕ್ಕನ ಮನೆಗೆ ಹೋಗಿದ್ದೆ. ಯಜಮಾನರು ಟೈಲರ್, ನಿಮಗೆಲ್ಲ ಗೊತ್ತು. ಈ ಡಿಪೋದ ಅರ್ಧ ಖಾಕಿ ಅವರ ಮೆಷಿನ್ನಿನಿಂದ ಬಂದದ್ದು. ಅವರ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಮೆಷಿನ್ ಮೇಲಿದ್ದ ಬಟ್ಟೆ ಮಡಿಸಿಟ್ಟರು. ಆಮೇಲೆ ಹೇಳಿದರು: "ನಾನು ಹೇಳಿದ್ರೆ ಮಗಳು ನಂಬಲ್ಲ ಕಣಮ್ಮಾ. ಸಮಾಧಾನಕ್ಕೆ ಹೇಳ್ತಿದೀನಿ ಅಂತಾಳೆ. ಅವಳು ಆ ಪುಸ್ತಕದ ಫೋಟೋ ಫೋನಲ್ಲಿ ಇಟ್ಕೊಂಡಿದಾಳೆ. ಬರ್ದಿದ್ದು ನೀವು. ನೀವೇ ಹೇಳಿ. ನಾಲ್ಕು ಜನರ ಮುಂದೆ ಹೇಳಿ. ಅರ್ಧ ಹೇಳ್ಬೇಡಿ."

ಆದ್ದರಿಂದ ಅರ್ಧ ಹೇಳುವುದಿಲ್ಲ.

ಈ ಸಲದ ರಿಲೇಯ ಪುಸ್ತಕದಲ್ಲಿ ಒಂಬತ್ತನೇ ಸಾಲಿನಲ್ಲಿ ಅಕ್ಕ ಬಂದ ಸಮಯ ಹನ್ನೊಂದು ನಲವತ್ತೆರಡು ಎಂದಿದೆ. ಅಕ್ಕ ಸಿಕ್ಕಿದ್ದು ಚೀಲ ಒಪ್ಪಿಸುವ ಜಾಗದಿಂದ ಒಂಬತ್ತು ಕಿಲೋಮೀಟರ್ ಹಿಂದೆ, ತಿರುವಿನ ಮೋರಿಯ ಕೆಳಗೆ. ಬಂದವಳು ಹಿಂದಕ್ಕೆ ಹೋದದ್ದು ಯಾಕೆ? ಪೊಲೀಸರು ಕೇಳಿದರು, ನೀವೆಲ್ಲ ಕೇಳಿದಿರಿ. ಉತ್ತರ ಹುಡುಕಿಕೊಂಡವಳು ಮಗಳು. ಅಂದು ಅವಳು ಅಮ್ಮನಿಗೆ ಒಂದು ಸಂದೇಶ ಕಳಿಸಿದ್ದಳು. ಅದರಲ್ಲಿ ಏನಿತ್ತು ಎನ್ನುವುದು ತಾಯಿ ಮಗಳ ವಿಷಯ, ಎಲ್ಲ ಮನೆಯಲ್ಲೂ ಇರುವ ಸಿಟ್ಟು. ಕೊನೆಯಲ್ಲಿ "ಈಗ್ಲೇ ವಾಪಸ್ ಬಾ" ಎಂದಿತ್ತು. ಕಳಿಸಿದ್ದು ಹನ್ನೊಂದು ನಲವತ್ತನಾಲ್ಕಕ್ಕೆ. ಅಮ್ಮ ಬಂದು ಸೇರಿದಳು, ಎರಡು ನಿಮಿಷಕ್ಕೆ ಸಂದೇಶ ನೋಡಿದಳು, ಮಗಳಿಗಾಗಿ ಗಾಡಿ ತಿರುಗಿಸಿದಳು, ಅವಸರದಲ್ಲಿ ಬಿದ್ದಳು — ಇಪ್ಪತ್ತು ದಿನದಿಂದ ಈ ಹುಡುಗಿ ಇದನ್ನು ಹೊತ್ತುಕೊಂಡು ಊಟ ಬಿಟ್ಟು ಕೂತಿದ್ದಾಳೆ.

ಮಗಳೇ, ಇಲ್ಲಿ ನೋಡು. ನಿನ್ನ ಅಮ್ಮ ಬಂದು ಸೇರಲೇ ಇಲ್ಲ.

ನಾನು ಬಂದದ್ದು ಹನ್ನೊಂದು ಮೂವತ್ತೆಂಟಕ್ಕೆ. ಮುಂದಿನ ತಂಡದವರು ಎಂಜಿನ್ ಚಾಲೂ ಮಾಡಿಕೊಂಡು ಕಾಯುತ್ತಿದ್ದರು. "ಬೇಗ ಬೇಗ" ಎನ್ನುತ್ತಿದ್ದರು. ನಾನು ಹೆಲ್ಮೆಟ್ ಸಹ ತೆಗೆಯದೆ ಏಳು ಜನ ಹೇಳಿದ ಸಮಯ, ನನ್ನ ಸಮಯ ಬರೆದೆ; ಅದೇ ಕೈಯಲ್ಲಿ, ಅದೇ ಉಸಿರಿನಲ್ಲಿ, ಕೆಳಗಿನ ಸಾಲಿನಲ್ಲಿ ನಾಲ್ಕು ನಿಮಿಷ ಕೂಡಿಸಿ ಅಕ್ಕನ ಸಮಯವನ್ನೂ ಬರೆದೆ. ಅದೇ ಮೊದಲ ಸಲವಲ್ಲ. ಎರಡು ವರ್ಷದಿಂದ ಹಾಗೆಯೇ ಬರೆಯುತ್ತಿದ್ದೆ. ಅಕ್ಕ ನಾಲ್ಕು ನಿಮಿಷ ಎಂದರೆ ನಾಲ್ಕು ನಿಮಿಷ. ಒಮ್ಮೆ ಅವಳೇ ನೋಡಿ ನಕ್ಕಿದ್ದಳು: "ನನ್ ಹಾಜರಿ ನೀನೇ ಹಾಕಿದ್ಮೇಲೆ ನಾನ್ಯಾಕೆ ತಾಯಿ ಅಷ್ಟ್ ದೂರದಿಂದ ಬರ್ಬೇಕು?" ಇಬ್ಬರೂ ನಕ್ಕಿದ್ದೆವು.

ಟೀಚರ್ ಪುಸ್ತಕ ನೋಡಿದರು. ಒಂಬತ್ತು ಸಾಲೂ ತುಂಬಿತ್ತು; ಕೊನೆಯ ಸಮಯ ಇನ್ನೂ ಆಗಿಲ್ಲ ಎಂದು ಗಮನಿಸಲಿಲ್ಲ. ಕೈ ಎತ್ತಿದರು. ಹನ್ನೊಂದು ನಲವತ್ತಕ್ಕೆ ಚೀಲ ಹೋಯಿತು. ಟೀಚರ್, ನೀವು ಅಳಬೇಡಿ. ನೀವು ನಿಯಮ ಪಾಲಿಸಿದಿರಿ.

ಆಮೇಲೆ ಫೋಟೋ, ಚಹಾ, ಮಾತು. ಅಕ್ಕ ಎಲ್ಲಿ ಎಂದು ಯಾರೋ ಕೇಳಿದರೆ, ಯಾರದೋ ಚೈನ್ ನೋಡುತ್ತಿರಬೇಕು ಎಂದು ಇನ್ಯಾರೋ ಹೇಳಿದರು. ನಾನು — ನಾನು ತಲೆ ಆಡಿಸಿದೆ. ಸಮಯ ಬರೆದಿದ್ದೆನಲ್ಲ, ಬಂದಿರುತ್ತಾಳೆ ಎಂದು ನನಗೂ ಅನಿಸಿತು. ಮೂವತ್ತೆಂಟು ನಿಮಿಷ ಹೀಗೆ ಹೋಯಿತು, ಆಮೇಲೆಯೇ ಹುಡುಕಲು ಹೊರಟದ್ದು.

ಲೆಕ್ಕ ನನ್ನ ಕೆಲಸ, ಮಾಡಿದ್ದೇನೆ. ಆ ಮೋರಿಯನ್ನು ನಾನು ದಾಟಿದ್ದು ಹನ್ನೊಂದು ಇಪ್ಪತ್ತೊಂಬತ್ತರ ಸುಮಾರಿಗೆ. ಅಕ್ಕ ಅಲ್ಲಿಗೆ ಬಂದದ್ದು ಮೂವತ್ತಮೂರಕ್ಕೆ. ತಿರುವಿನಲ್ಲಿ ಜಲ್ಲಿ ಚೆಲ್ಲಿತ್ತು. ಅವಳ ಗಾಡಿ ಬಿದ್ದದ್ದು ನಮ್ಮ ಕಡೆಗೆ ಬರುವ ಬದಿಯಲ್ಲಿ. ಮಗಳೇ, ನಿನ್ನ ಸಂದೇಶ ಹೊರಡುವ ಹೊತ್ತಿಗೆ ಅಮ್ಮ ಬಿದ್ದು ಹನ್ನೊಂದು ನಿಮಿಷ ಆಗಿತ್ತು. ಫೋನ್ ಟೂಲ್ ಬಾಕ್ಸಿನಲ್ಲಿತ್ತು. ಅವಳು ಅದನ್ನು ನೋಡಿಲ್ಲ. ನಿನ್ನ ಸಿಟ್ಟು ಅವಳನ್ನು ಮುಟ್ಟಲಿಲ್ಲ.

ಇನ್ನೊಂದು ಮಾತು ಉಳಿದಿದೆ, ಅದನ್ನೂ ಹೇಳುತ್ತೇನೆ. ಬಿದ್ದ ಮೇಲೆ ಅರ್ಧ ಗಂಟೆ ಜೀವ ಇತ್ತು ಎಂದು ವೈದ್ಯರು ಹೇಳಿದ್ದಾರೆ. ನಾನು ಬರೆಯದೆ ಕಾದಿದ್ದರೆ, ನಲವತ್ತೈದಕ್ಕೆ ನಮಗೆ ದಿಗಿಲಾಗುತ್ತಿತ್ತು, ಐವತ್ತನಾಲ್ಕಕ್ಕೆ ಅವಳ ಹತ್ತಿರ ಇರುತ್ತಿದ್ದೆವು. ಉಳಿಯುತ್ತಿದ್ದಳೇ? ವೈದ್ಯರು ಹೇಳಲಾರೆ ಎಂದರು. ನಾನೂ ಹೇಳಲಾರೆ. ಎಲ್ಲರ ಹಿಂದೆ ಬಂದು ಎಲ್ಲರನ್ನೂ ಎತ್ತಿದವಳ ಹಿಂದೆ ಯಾರೂ ಇರಲಿಲ್ಲ. ಕೊನೆಯ ಒಂಬತ್ತು ನಿಮಿಷವಾದರೂ ಅವಳು ಒಂಟಿಯಾಗಿರುತ್ತಿರಲಿಲ್ಲ.

ನಿಮಗೆ ವಿಚಿತ್ರ ಅನಿಸಬಹುದು. ನಲವತ್ತಕ್ಕೇ ಹೊರಟುಹೋಗಿದ್ದ ಮುಂದಿನ ತಂಡದ ಇಬ್ಬರು ಹೆಂಗಸರು ಪೊಲೀಸರ ಮುಂದೆ ಹೇಳಿದ್ದಾರೆ, ಅಕ್ಕ ಬಂದದ್ದನ್ನು ಕಣ್ಣಾರೆ ಕಂಡೆವೆಂದು. "ಹಳದಿ ಹೆಲ್ಮೆಟ್ ಸಾರ್, ಕೈ ಬೀಸಿದ್ರು" ಎಂದರಂತೆ. ಅವರು ಸುಳ್ಳುಗಾರರಲ್ಲ. ಪುಸ್ತಕದಲ್ಲಿ ಇದ್ದದ್ದನ್ನು ಅವರ ಕಣ್ಣು ತುಂಬಿಸಿಕೊಂಡಿತು. ನನಗೂ ಹಾಗೆಯೇ ಆಗಿದೆ. ಅವಳು ಬಂದದ್ದು ನನಗೆ ನೆನಪಿದೆ — ನಿಜ ಹೇಳುತ್ತೇನೆ — ಸ್ಟ್ಯಾಂಡ್ ಹಾಕಿದ ಸದ್ದು, ಗ್ಲೌಸ್ ಕಚ್ಚಿ ಎಳೆದದ್ದು, "ಬರ್ಕೊಂಡ್ಯೇನೇ ಗಡಿಯಾರ?" ಎಂದದ್ದು. ಆಗದೇ ಇದ್ದದ್ದು ಇಷ್ಟು ಸ್ಪಷ್ಟವಾಗಿ ನೆನಪಿರುತ್ತದೆ. ಈಗ ಗೇಟಿನಲ್ಲಿ ಪ್ರತಿ ಬಸ್ಸು ಒಳಗೆ ಬಂದ ಮೇಲೆ ನಾನು ಪೆನ್ನು ಹಿಡಿದು ಕಾಯುತ್ತೇನೆ. ನಾಲ್ಕು ನಿಮಿಷಕ್ಕೆ ಸರಿಯಾಗಿ ಅವಳ ಎಂಜಿನ್ನಿನ ಸದ್ದು ತಿರುವಿನವರೆಗೆ ಬರುತ್ತದೆ. ತಿರುವು ದಾಟುವುದಿಲ್ಲ. ಕಳೆದ ಸೋಮವಾರ ರಿಜಿಸ್ಟರ್ ತಿರುಗಿಸಿದರೆ, ಯಾವ ಬಸ್ಸೂ ಇಲ್ಲದ ಸಾಲಿನಲ್ಲಿ ಹನ್ನೊಂದು ನಲವತ್ತೆರಡು ಎಂದಿತ್ತು. ಅಕ್ಷರ ನನ್ನದೇ. ಬರೆದದ್ದು ನೆನಪಿಲ್ಲ.

ಇಂದು ಬೆಳಿಗ್ಗೆ ಠಾಣೆಗೆ ಹೋಗಿ ಹೇಳಿಕೆ ತಿದ್ದಿ ಬರೆದುಕೊಟ್ಟು ಬಂದಿದ್ದೇನೆ. ಮ್ಯಾನೇಜರ್ ಸಾಹೇಬರೇ, ಆ ಕಿಟಕಿಗೆ ನಾಳೆಯಿಂದ ಬೇರೆಯವರನ್ನು ಕೂರಿಸಿ. ನನ್ನನ್ನು ಕ್ಷಮಿಸಿ ಎಂದು ನಾನು ಯಾರನ್ನೂ ಕೇಳುತ್ತಿಲ್ಲ. ಮಗಳೇ, ನಿನ್ನ ಫೋನಿನಲ್ಲಿರುವ ಆ ಫೋಟೋ ಇಟ್ಟುಕೋ, ಬಿಸಾಡು, ನಿನ್ನಿಷ್ಟ. ಅದರಲ್ಲಿರುವುದು ನನ್ನ ತಪ್ಪು. ನಿನ್ನದಲ್ಲ. ಇದನ್ನು ಎಷ್ಟು ಸಲ ಕೇಳಬೇಕು ಅನಿಸಿದರೂ ನನ್ನ ಮನೆಗೆ ಬಾ, ಅಷ್ಟು ಸಲ ಹೇಳುತ್ತೇನೆ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಅಕ್ಕನಿಗಾಗಿ ಮೌನವಾಗಿ ನಿಲ್ಲೋಣ. ಇಂಥ ಸಭೆಗಳಲ್ಲಿ ಗಡಿಯಾರ ನೋಡಿ "ಸಾಕು" ಎನ್ನುವ ಕೆಲಸ ಯಾವಾಗಲೂ ನನ್ನದಾಗಿತ್ತು. ಇಂದು ನಾನು ಹೇಳುವುದಿಲ್ಲ. ಯಾರೂ ಕೈಗಡಿಯಾರ ನೋಡಬೇಡಿ.

ಮಗಳು ಕುಳಿತಾಗ ನಾವು ಕುಳಿತುಕೊಳ್ಳೋಣ.